ಕೊಬ್ಬಿಲ್ಲದ ಹೊಳಪು

ಫೆಸ್ಟಿ ಮ್ಯಾನಿಯನ್ ಡೀಲಿಯಾಳ ಮೇವಿನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಾಗ ಅವಳು ಅವನ ಮುಖ ನೋಡಲಿಲ್ಲ. ಹಿಂದಿನ ಟ್ರೇಲರ್‌ನಲ್ಲಿ ನಿಂತಿದ್ದ ಬೂದುಬಣ್ಣದ ಹೆಣ್ಣುಕುದುರೆಯನ್ನು ನೋಡಿದಳು. ಅದು ಊನಾ, ಸತ್ತ ಗ್ರಾನ್ಯಾಳ ಮಗಳು. ತಾಯಿಯದೇ ಕಣ್ಣು, ತಾಯಿಯದೇ ಹಣೆ. ಕತ್ತಿನ ಮೇಲೆ ಎದ್ದಿದ್ದ ಕೊಬ್ಬಿನ ದಿಂಡು ಕೂಡ ತಾಯಿಗೆ ಕೊನೆಗಾಲದಲ್ಲಿ ಬಂದದ್ದೇ.

ಗ್ರಾನ್ಯಾ ಅವಳ ಕುದುರೆ. ಮೂರು ವರ್ಷದ ಹಿಂದೆ ಡೀಲಿಯಾ ಸೊಂಟ ಮುರಿದುಕೊಂಡು ಗಾಲ್ವೇ ಆಸ್ಪತ್ರೆ ಸೇರಿದಾಗ, ಗಬ್ಬದಲ್ಲಿದ್ದ ಅದನ್ನು ನೆರೆಯ ಫೆಸ್ಟಿಗೆ ಪಾಲಿಗೆ ಬಿಟ್ಟಿದ್ದಳು. ಕನೆಮಾರಾ ಸೀಮೆಯಲ್ಲಿ ಪಾಲು ಎಂದರೆ ಇಷ್ಟೇ: ಮೇಯಿಸಿದವನಿಗೆ ಮರಿ, ಒಡತಿಗೆ ತಾಯಿ. ಫೆಸ್ಟಿ ಮರಿಯನ್ನು ಇಟ್ಟುಕೊಂಡ, ತಾಯಿಯನ್ನು ಕೊಂದ. ಬೆಲ್ಲದ ಪಾಕ ಸವರಿದ ಬಾರ್ಲಿಯನ್ನು ಬಕೆಟ್‌ಗಟ್ಟಲೆ ಸುರಿದು, ಹಗಲಿಡೀ ಕೊಬ್ಬಿದ ಹುಲ್ಲಿಗೆ ಬಿಟ್ಟು, ಆಗಸ್ಟ್ ತಿಂಗಳ ಕುದುರೆ ಪ್ರದರ್ಶನದಲ್ಲಿ ಬಹುಮಾನ ಹೊಡೆದ. ಅಲ್ಲಿನ ತೀರ್ಪುಗಾರರಿಗೆ ಮೈತುಂಬಿದ್ದೇ ಚೆಂದ. ಕೊಬ್ಬು ನೂರು ಕುಂದು ಮುಚ್ಚುತ್ತದೆ ಎನ್ನುವುದು ಆ ಸೀಮೆಯ ವೇದವಾಕ್ಯ. ಬಹುಮಾನದ ರಿಬ್ಬನ್ನಿನ ಬಣ್ಣ ಮಾಸುವ ಮೊದಲೇ, ಆ ಸಿಹಿಯೂ ಕೊಬ್ಬೂ ಸೇರಿ, ಗ್ರಾನ್ಯಾಳ ಗೊರಸಿನೊಳಗೆ ಉರಿಯೂತ ಎದ್ದಿತು. ಕಾಲೂರಲಾಗದೆ ನರಳಿದ ಅವಳನ್ನು ವೈದ್ಯರು ಸೂಜಿ ಹಾಕಿ ಶಾಶ್ವತವಾಗಿ ಮಲಗಿಸಬೇಕಾಯಿತು.

ಡೀಲಿಯಾ ಊರುಗೋಲಿನಲ್ಲಿ ಮನೆ ಸೇರುವಷ್ಟರಲ್ಲಿ ಫೆಸ್ಟಿ ಊರೆಲ್ಲ ಸಾರಿಯಾಗಿತ್ತು. "ಅವಳು ಉಪವಾಸ ಕೆಡವಿದ್ದ ಕುದುರೆ ಕಣ್ರೋ. ನನ್ನ ಕೈಗೆ ಬರೋವಾಗ್ಲೇ ಗೊರಸು ಕೆಟ್ಟೋಗಿತ್ತು." ಊರು ನಂಬಿತು. ಗೆದ್ದವನ ಮಾತು ನಂಬದ ಊರು ಎಲ್ಲಾದರೂ ಉಂಟೆ?

ಈಗ ಮೇ ತಿಂಗಳು. ಫೆಸ್ಟಿ ಅಂಗಡಿಯ ಕಟ್ಟೆಗೆ ಮೊಣಕೈ ಊರಿ ನಿಂತ. "ಏನಮ್ಮ ಡೀಲಿಯಾ, ಆಗಸ್ಟ್‌ಗೆ ಇವಳನ್ನ ಮೆರೆಸ್ಬೇಕು. ಮೈ ಫಳಫಳ ಅನ್ಬೇಕು. ಸಿಹಿ ಬಾರ್ಲಿ ಹಾಕ್ಸು."

ಕೊಟ್ಟುಬಿಡಬಹುದಿತ್ತು. ಕೊಟ್ಟರೆ ತಾಯಿಯ ದಾರಿಯನ್ನೇ ಮಗಳೂ ಹಿಡಿಯುತ್ತಾಳೆ, ಫೆಸ್ಟಿಯ ಬಣ್ಣವೂ ಬಯಲಾಗುತ್ತದೆ. ಡೀಲಿಯಾಳಿಗೆ ಹಾವು ಸಾಯಬೇಕಿತ್ತು, ಆದರೆ ಊನಾಳ ಬೆನ್ನ ಮೇಲೆ ಕೋಲು ಮುರಿಯಬಾರದಿತ್ತು. "ತಡಿ" ಎಂದು ಒಳಗೆ ಹೋದಳು.

ಗೋದಾಮಿನಲ್ಲಿ ಮೂರು ಬಗೆಯ ಬ್ಯಾಲೆನ್ಸರ್ ಚೀಲಗಳಿದ್ದವು. ಬ್ಯಾಲೆನ್ಸರ್ ಎಂದರೆ ಹೊಟ್ಟೆ ತುಂಬಿಸದೆ ಕೊರತೆ ತುಂಬುವ ಮೇವು. ಮೊದಲನೆಯದು ಬೆಳೆಯುವ ಮರಿಗಳಿಗೆ ಮಾಡಿದ್ದು, ಎಣ್ಣೆ ಜಾಸ್ತಿ. ಎರಡನೆಯದನ್ನು ಅಂಗೈಯಲ್ಲಿ ಪುಡಿಮಾಡಿ ಮೂಸಿದಳು. ಕಾಕಂಬಿಯ ವಾಸನೆ ಮೂಗಿಗೆ ಹೊಡೆಯಿತು. ಮೂರನೆಯದು ಗಾಳಿ ಕುಡಿದೇ ಕೊಬ್ಬುವ ಈ ಸೀಮೆಯ ಕುದುರೆಗಳಿಗೆಂದೇ ಮಾಡಿದ್ದು. ಸಕ್ಕರೆ ಪಿಷ್ಟ ಎರಡೂ ಕಡಿಮೆ, ಪ್ರೋಟೀನು ಬೇಕಾದಷ್ಟು, ಗೊರಸಿಗೂ ಕೂದಲಿಗೂ ಬೇಕಾದ ತಾಮ್ರ, ಸತುವು. ಅದನ್ನೇ ಎಳೆದು ತಂದಳು.

ಫೆಸ್ಟಿ ಚೀಲದೊಳಗೆ ಇಣುಕಿ ನಕ್ಕ. "ಇದೇನೇ ಇದು, ಕೋಳಿಗೆ ಹಾಕೋದಾ?"

"ನಿಂಗೆ ಬೇಡ ಬಿಡು. ಡಬ್ಲಿನ್ ಕಡೆ ದೊಡ್ಡ ದೊಡ್ಡ ಲಾಯದವ್ರು ಒಯ್ಯೋದು. ದಿನಕ್ಕೊಂದು ಬಟ್ಟಲು, ಅಷ್ಟೇ. ಮೇಲೊಂದು ಕಾಳು ಬಾರ್ಲಿ ಹಾಕೋ ಹಾಗಿಲ್ಲ, ಗುಡ್ಡದ ಬಡ ಹುಲ್ಲು ಬಿಟ್ರೆ ಬೇರೆ ಹುಲ್ಲಿಗೆ ಬಿಡೋ ಹಾಗಿಲ್ಲ. ಅಷ್ಟು ನೇಮ ನಿನ್ನಂಥೋರ ಕೈಲಿ ಎಲ್ಲಾಗುತ್ತೆ?"

"ನನ್ನ ಕೈಲಿ ಆಗದ್ದು ಡಬ್ಲಿನ್ನೋರ ಕೈಲಿ ಆಗುತ್ತೇನೇ? ಹೊಳಪು ಬರುತ್ತೋ ಇಲ್ವೋ, ಅದು ಹೇಳು."

"ಕನ್ನಡಿ ಬೇಡ, ಅವಳ ಬೆನ್ನು ನೋಡ್ಕೊಂಡೇ ಗಡ್ಡ ಕೆರ್ಕೋಬಹುದು."

ಒಂದು ಮಾತೂ ಸುಳ್ಳಲ್ಲ. ಹೊಳಪು ಬರುತ್ತದೆ. ಕೊಬ್ಬು ಕರಗುತ್ತದೆ ಎನ್ನುವುದನ್ನು ಮಾತ್ರ ಅವಳು ಹೇಳಲಿಲ್ಲ.

ದಿನವೂ ನೋಡುವ ಕಣ್ಣಿಗೆ ಇಳಿತ ಕಾಣುವುದಿಲ್ಲ. ಫೆಸ್ಟಿ ಹೊಳಪು ನೋಡಿಯೇ ಮರುಳಾದ. ಡೀಲಿಯಾ ಭಾನುವಾರ ಚರ್ಚಿನಿಂದ ಬರುವಾಗ ಗುಡ್ಡದ ಬೇಲಿಯ ಬಳಿ ನಿಂತು ನೋಡುತ್ತಿದ್ದಳು. ಕತ್ತಿನ ದಿಂಡು ಕರಗುತ್ತಾ ಬಂತು. ಬೇಲಿಯ ಹತ್ತಿರ ಬಂದ ಊನಾಳ ಮೈ ಒತ್ತಿದರೆ ಕೈಗೆ ಪಕ್ಕೆಲುಬು ಸಿಗುವಂತಾಯಿತು. ಕುದುರೆ ಗೆಲುವಾಗುತ್ತಿತ್ತು, ಫೆಸ್ಟಿ ಸೋಲುತ್ತಿದ್ದ. ಎರಡೂ ಒಂದೇ ಬಟ್ಟಲಿನಿಂದ!

ಪ್ರದರ್ಶನದ ದಿನ ಊನಾ ತೊಳೆದಿಟ್ಟ ಬೆಳ್ಳಿಯ ಹಾಗಿದ್ದಳು. ಅಕ್ಕಪಕ್ಕದ ಕುದುರೆಗಳು ಪೀಪಾಯಿಗಳು. ತೀರ್ಪುಗಾರ ಅವಳ ಪಕ್ಕೆಗೆ ಬೆರಳೊತ್ತಿ, ತಲೆಯಾಡಿಸಿ, ಸಾಲಿನ ಕಟ್ಟಕಡೆಗೆ ಕಳಿಸಿದ.

"ಫೆಸ್ಟೀ, ಕುದುರೆಗೆ ಮೇವು ಹಾಕ್ತೀಯೋ ಬರೀ ಪಾಲಿಶ್ ಹಾಕ್ತೀಯೋ?" ಎಂದು ಯಾರೋ ಹಗ್ಗದಾಚೆಯಿಂದ ಕೂಗಿದರು.

"ಉಪವಾಸ ಕೆಡವಿದಾನೆ ಕಣೋ ಪಾಪಿ!" ಎಂದ ಇನ್ನೊಬ್ಬ.

ಅದೇ ಮಾತು. ಜನರ ನಡುವೆ ನಿಂತಿದ್ದ ಡೀಲಿಯಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಂದು ಸಂಜೆ ಅವಳು ಅಂಗಡಿ ತೆರೆದಿದ್ದಳು. ಚೀಲಗಳ ಮೇಲೆ ಮುದುಕ ಕೋಲ್ಮನ್ ಮತ್ತು ಇನ್ನಿಬ್ಬರು ಹರಟುತ್ತಿದ್ದರು. ಕೋಲ್ಮನ್ ಆ ಸೀಮೆಯ ಕುದುರೆ ವ್ಯಾಪಾರಗಳಲ್ಲೆಲ್ಲ ನಡುವೆ ನಿಂತು ಕೈಗೂಡಿಸುವವನು. ಫೆಸ್ಟಿ ಪ್ರದರ್ಶನದಿಂದ ನೇರ ಟ್ರೇಲರ್ ಸಮೇತ ಬಂದು ನುಗ್ಗಿದ.

"ನನ್ನ ಮಾನ ಕಳೆದ್ಯಲ್ಲೇ!"

"ನೀನು ನಂಗೆ ಹೊಲಿಸಿದ್ದ ಅಂಗೀನೇ ಅದು ಫೆಸ್ಟಿ. ನಿನ್ನ ಮೈಗೆ ಎಷ್ಟು ಚೆನ್ನಾಗಿ ಕೂತಿದೆ ನೋಡು."

ಹರಟೆಯವರು ನಕ್ಕರು. ಫೆಸ್ಟಿ ನಗಲಿಲ್ಲ. "ಸಿಹಿ ಬಾರ್ಲಿ ತೆಗಿ, ಇರೋದೆಲ್ಲ. ಚಳಿಗಾಲದ ಸಂತೆಗೆ ಇವಳನ್ನ ಉಬ್ಬಿಸ್ದೇ ಇದ್ರೆ ನನ್ನ ಹೆಸರು ಫೆಸ್ಟಿ ಅಲ್ಲ. ನೀನು ಕೊಡ್ದಿದ್ರೆ ಪಕ್ಕದೂರಲ್ಲಿ ಸಿಗುತ್ತೆ."

ಡೀಲಿಯಾ ಹೊರಗಿನ ಟ್ರೇಲರ್ ಕಡೆ ನೋಡಿದಳು. ತೀರಿಸಿಕೊಂಡ ಸೇಡಿಗೆ ದಂಡ ಕಟ್ಟಬೇಕಾದವಳು ಊನಾ.

"ಅವಳನ್ನ ನಂಗೆ ಕೊಟ್ಬಿಡು" ಎಂದಳು.

ಈ ಕುದುರೆಗಾಗಿ ಅವಳು ಏನನ್ನಾದರೂ ಕೊಟ್ಟಾಳು ಎಂದು ಅವಳ ಮುಖ ನೋಡಿಯೇ ಫೆಸ್ಟಿಗೆ ಅರ್ಥವಾಯಿತು. "ಕೊಡ್ತೀನಿ. ದುಡ್ಡು ಬೇಡ. ಇವ್ರ ಮುಂದೆ ಬಾಯಿಬಿಟ್ಟು ಹೇಳು, ಗ್ರಾನ್ಯಾನ ಉಪವಾಸ ಹಾಕಿ ಕೆಡಿಸಿದ್ದು ನೀನೇ ಅಂತ. ಹಂಗೇನೇ ಊನಾನ ಕೆಡಿಸಿದ್ದೂ ನೀನೇ ಅಂತ."

ಮೂರು ವರ್ಷ ಹಲ್ಲಿನ ನಡುವೆ ಕಚ್ಚಿ ಹಿಡಿದಿದ್ದ ಸತ್ಯ ಅದೊಂದೇ. ಅದನ್ನೂ ಈ ನಾಯಿಗೆ ಎಸೆಯಬೇಕೆ? ಅವಳಿಗೆ ಅವನ ಕತ್ತು ಹಿಸುಕಬೇಕೆನಿಸಿತು. ಹೊರಗೆ ಊನಾ ಟ್ರೇಲರ್‌ನ ಹಲಗೆಗೆ ಗೊರಸು ಬಡಿದಳು.

"ಮೊದಲು ಕೈ ತಾ."

ಫೆಸ್ಟಿ ಅಂಗೈಗೆ ಉಗುಳಿ ಕೈ ಚಾಚಿದ. ಡೀಲಿಯಾಳೂ ಉಗುಳಿದಳು. ಕೋಲ್ಮನ್ ಎದ್ದು ಬಂದು ಇಬ್ಬರ ಕೈಯನ್ನೂ ಹಿಡಿದು ಒಂದಕ್ಕೊಂದು ಬಡಿದ. ಮೂರನೆಯವನು ಕೈಗೂಡಿಸಿದ ಮೇಲೆ ಆ ಸೀಮೆಯಲ್ಲಿ ಯಾವ ಗಂಡಸೂ ಮಾತಿಗೆ ತಪ್ಪುವಂತಿಲ್ಲ.

"ಗ್ರಾನ್ಯಾನ ಉಪವಾಸ ಹಾಕಿ ಕೆಡಿಸಿದ್ದು ನಾನು" ಎಂದಳು ಡೀಲಿಯಾ, ಒಬ್ಬೊಬ್ಬರ ಮುಖವನ್ನೂ ನೋಡುತ್ತಾ. "ಊನಾನ ಕೆಡಿಸಿದ್ದೂ ನಾನೇ. ಫೆಸ್ಟಿದು ಯಾವ ತಪ್ಪೂ ಇಲ್ಲ." ಹೇಳಿ, ಹಗ್ಗ ತೆಗೆದುಕೊಂಡು ಹೊರಗೆ ಹೋದಳು.

"ಕೇಳಿದ್ರಾ?" ಫೆಸ್ಟಿ ಎದೆಯುಬ್ಬಿಸಿದ. "ಅವಳ ಬಾಯಿಂದ್ಲೇ ಬಂತು!"

ಕೋಲ್ಮನ್ ಟೊಪ್ಪಿಗೆ ತಲೆಗಿಟ್ಟುಕೊಂಡ. "ಮೂರು ವರ್ಷ ನಿನ್ನ ಬಾಯಿಂದ ಕೇಳಿ ನಂಬಿದ್ದೆ ಕಣೋ. ಇವತ್ತು ಅವಳ ಬಾಯಿಂದ ಕೇಳಿದೆ ನೋಡು, ನಂಬಿಕೆ ಹೋಯ್ತು. ಕುದುರೆಗೋಸ್ಕರ ತನ್ನ ಮಾನಾನೇ ಬಿಟ್ಟೋಳು ಕುದುರೆನ ಉಪವಾಸ ಹಾಕ್ತಾಳೇನೋ?"

ಫೆಸ್ಟಿ ಉಳಿದಿಬ್ಬರ ಕಡೆ ತಿರುಗಿದ. ಅವರು ಆಗಲೇ ಎದ್ದು, ಊನಾಳನ್ನು ಇಳಿಸಲು ಡೀಲಿಯಾಳ ಹಿಂದೆ ಹೋಗಿದ್ದರು.