ಫ್ಲೆಕ್ಸಿನ ಮೇಲಿನ ಐರಿಷ್ ಮನುಷ್ಯ

ನಮ್ಮಕ್ಕ ನಾಗಜ್ಯೋತಿ ಆಂಧ್ರದ ಆದೋನಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಈ ವರ್ಷ ಅಲ್ಲಿ ಹಳೆಯ ವ್ಯಂಗ್ಯಚಿತ್ರಗಳ ಪ್ರದರ್ಶನ ಇಟ್ಟಿದ್ದಳು. ಸ್ವರಾಜ್ಯ ಕೇಳಿದ ಐರಿಷ್ ಜನರನ್ನು ಲಂಡನ್ನಿನ ಪತ್ರಿಕೆಗಳು ಕೋತಿಮುಖದವರನ್ನಾಗಿ ಚಿತ್ರಿಸಿದ ಕಥೆ ಅದು. ಒಂದು ಚಿತ್ರವನ್ನು ಆಳೆತ್ತರದ ಫ್ಲೆಕ್ಸ್ ಮಾಡಿಸಿದ್ದಳು. ಹರಕು ಟೋಪಿ, ಕೈಯಲ್ಲಿ ಚೂರಿ, ಮುಂದೆ ಚಾಚಿದ ದವಡೆ, ಉಬ್ಬುಹಲ್ಲು. ಮುಖ ಕೆಡಿಸಿಬಿಟ್ಟರೆ ಆ ಮನುಷ್ಯನ ಮಾತನ್ನು ಯಾರೂ ಕೇಳುವುದಿಲ್ಲ, ಆಳುವವರ ಉಪಾಯವೇ ಅದು ಎಂದು ಅಕ್ಕ ಭಾಷಣ ಮಾಡಿದಾಗ ನಾನೂ ಜೋರಾಗಿ ಚಪ್ಪಾಳೆ ಹೊಡೆದೆ.

ಪ್ರದರ್ಶನ ಮುಗಿದು ಫ್ಲೆಕ್ಸ್ ಮನೆಗೆ ಬಂತು. ಆಗ ನಮ್ಮ ಹೊಸ ಮನೆಯ ಕೆಲಸ ನಡೆದಿತ್ತು. ಕಟ್ಟುವ ಮನೆಗೆ ಕಣ್ಣು ತಾಕದಿರಲಿ ಎಂದು ರಾಕ್ಷಸನ ಮುಖ ತೂಗುಹಾಕುವುದು ನಮ್ಮ ಕಡೆಯ ಪದ್ಧತಿ. ನಮ್ಮವ್ವ ಬಸವಕ್ಕ ಯಾರನ್ನೂ ಕೇಳದೆ ಆ ಐರಿಷ್ ಮನುಷ್ಯನನ್ನು ಮುಂದಿನ ಪಿಲ್ಲರಿಗೆ ಕಟ್ಟಿಬಿಟ್ಟಳು.

“ಸಂತ್ಯಾಗಿನ ಗೊಂಬಿಗಿಂತ ಇದು ಛಲೋ ಐತಿ. ಯಾರ ದಿಷ್ಟಿನೂ ತಾಕಂಗಿಲ್ಲ ನೋಡು,” ಎಂದು ಬಾಯಿ ತುಂಬ ನಕ್ಕಳು. ಅವ್ವನ ಹಲ್ಲು ಸ್ವಲ್ಪ ಮುಂದೆ.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇಂವ ರಾಕ್ಷಸ ಅಲ್ಲಬೇ! ತನ್ನ ದೇಶ ಕೇಳಿದ ಮನಷ್ಯ!”

“ಮನಷ್ಯನಾ? ಅಯ್ಯ, ಬಿಚ್ಚಿಬಿಡ್ತೀನಿ ತಡಿ.”

“ಬಿಚ್ಚಬ್ಯಾಡ. ಅವನ ಬಾಜೂ ನಿಂದ್ರು, ಒಂದು ಫೋಟೋ ಹೊಡಿತೀನಿ.”

ಫೋಟೋ ಕಾಲೇಜಿನ ವಾಟ್ಸಾಪ್ ಗುಂಪಿಗೆ ಹೋಯಿತು. ಸಂಜೆಯೊಳಗೆ ಯಾವನೋ ವಿದ್ಯಾರ್ಥಿ ಎರಡು ಮುಖಗಳನ್ನು ಜೋಡಿಸಿ, ಎರಡೂ ಬಾಯಿಗಳಿಗೆ ಕೆಂಪು ಗೆರೆ ಸುತ್ತಿ, ಮೇಲೆ ‘ಅಣ್ಣ-ತಂಗಿ’ ಎಂದು ತೆಲುಗಿನಲ್ಲಿ ಬರೆದು ಕಳಿಸಿದ. ಅವನನ್ನು ಗದರಿಸಬೇಕಾದ ಲೆಕ್ಚರರ್, ನಮ್ಮಕ್ಕ, ಅದರ ಕೆಳಗೆ ನಗುವ ಇಮೋಜಿ ಒತ್ತಿ, ನನಗೂ ತೋರಿಸಿದಳು. ನಾನೂ ನಕ್ಕೆ. ನಾಚಿಕೆಗೆಟ್ಟವರು ನಾವು.

ಗೃಹಪ್ರವೇಶಕ್ಕೆ ಅಕ್ಕನ ವಿದ್ಯಾರ್ಥಿಗಳೂ ಬಂದಿದ್ದರು. ಅವ್ವ ಹೋಳಿಗೆ ಬಡಿಸುತ್ತ ಬಂದಾಗ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ತಿವಿದುಕೊಂಡು ಕಿಸಕ್ಕೆಂದರು. ಎಲೆಯ ಪಕ್ಕದಲ್ಲಿದ್ದ ಫೋನನ್ನು ಮುಚ್ಚುವಷ್ಟರಲ್ಲಿ ಅವ್ವ ಆ ಜೋಡಿ ಮುಖಗಳನ್ನು ನೋಡಿಬಿಟ್ಟಿದ್ದಳು. ಸೆರಗನ್ನು ಬಾಯಿಗೆ ಎಳೆದುಕೊಂಡು ಉಳಿದ ಸಾಲಿಗೆ ಬಡಿಸಿದಳು. ಎಲ್ಲರೂ ಸೇರಿ ಫೋಟೋಗೆ ನಿಂತಾಗಲೂ ಆ ಸೆರಗು ಇಳಿಯಲಿಲ್ಲ. ನನಗೆ ಅವ್ವನ ಮುಖ ನೋಡಲಾಗಲಿಲ್ಲ.

ಬಂದವರೆಲ್ಲ ಹೋದ ಮೇಲೆ ಅಕ್ಕ ಅವ್ವನ ಮುಂದೆ ಕೂತು ಅತ್ತಳು. “ತಪ್ಪಾತಬೇ. ಅದನ್ನ ಡಿಲೀಟ್ ಮಾಡಿಸ್ತೀನಿ.”

“ಇರ್ಲಿ ಬಿಡು. ನನ್ನ ಹಲ್ಲು ಹೆಂಗದಾವಂತ ನನಗ ಗೊತ್ತಿಲ್ಲೇನು?” ಅವ್ವ ಸೆರಗಿನೊಳಗಿಂದಲೇ ಅಂದಳು. ಆಮೇಲೆ ಕೇಳಿದಳು, “ಆ ಫ್ಲೆಕ್ಸಿನ್ಯಾಗಿನ ಮನಷ್ಯಾಗ ಮಕ್ಕಳಿದ್ರೇನು, ಜ್ಯೋತಿ?”

“ಇದ್ದಿರಬೇಕವ್ವಾ.”

“ಅವರೂ ನಕ್ಕಿದ್ರೇನು?”