ಒಂಬತ್ತನೇ ಹೆಜ್ಜೆಯ ಪುದೀನ

ಒಂಬತ್ತನೇ ಹೆಜ್ಜೆಗೆ ಅಕ್ಕ ನಿಂತುಬಿಟ್ಟಳು. ಬಗ್ಗಿ ಎಡಗಡೆ ಕೈಯಾಡಿಸಿದಳು. ಅಲ್ಲಿ ಪುದೀನ ಸಿಗಬೇಕಿತ್ತು; ಸಿಕ್ಕಿದ್ದು ಉದ್ದನೆಯ, ವಾಸನೆಯಿಲ್ಲದ ಎಲೆ. ಎರಡು ಹೆಜ್ಜೆ ಹಿಂದೆ ಬಂದು ಮತ್ತೆ ಮುಂದೆ ಹೋದಳು. ಆಮೇಲೆ, ನಾಲ್ಕು ಕೋಣೆಯಷ್ಟೂ ಇಲ್ಲದ ತನ್ನದೇ ತೋಟದ ನಡುವೆ ನಿಂತು, "ಪುಟ್ಟೀ, ಎಲ್ಲಿದೀನೇ ನಾನು?" ಎಂದು ಕೂಗಿದಳು.

ಅಡುಗೆಮನೆಯಲ್ಲಿ ಲೋಟ ತೊಳೆಯುತ್ತ ಕಿಟಕಿಯಿಂದ ನೋಡುತ್ತಿದ್ದ ತಂಗಿ ಲೋಟವನ್ನು ಅಲ್ಲೇ ಬಿಟ್ಟಳು. ಐವತ್ತೆರಡರಲ್ಲೂ ಆ ಮನೆಯಲ್ಲಿ ಅವಳು ಪುಟ್ಟಿಯೇ.

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ನಂಬರಿಗೆ ತರುವುದು ಅವಳ ಕೆಲಸ. ಅಕ್ಕನ ಕಣ್ಣಿಗೆ ಹೊಂದುವ ಗಾಜು ಮಾತ್ರ ಅವಳ ಕೈಯಲ್ಲಿರಲಿಲ್ಲ; ಒಳಪರದೆಯೇ ಅಂಚಿನಿಂದ ಸವೆಯುತ್ತ ಬಂದಿತ್ತು. ಅಕ್ಕ ಹಟ ಹಿಡಿದು ಈ ತೋಟವನ್ನು ಮೂಗಿಗೂ ಬೆರಳಿಗೂ ತಕ್ಕಂತೆ ಹಾಕಿಕೊಂಡಿದ್ದಳು. ಬಾಗಿಲಿನಿಂದ ಒಂಬತ್ತನೇ ಹೆಜ್ಜೆಗೆ ಪುದೀನ, ಅಲ್ಲಿ ಬಲಕ್ಕೆ ತಿರುಗಿದರೆ ನಿಂಬೆಹುಲ್ಲು, ಕೊನೆಗೆ ಬೆಂಚಿನ ಪಕ್ಕ ಮರುಗ. ಗೇಟು ದಾಟಿದರೆ ಯಾರದಾದರೂ ಮೊಣಕೈ ಹಿಡಿಯಬೇಕು. ಇಲ್ಲಿ ಬೇಕಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಬಸ್ಸಿನಲ್ಲಿ ಹೋಗುವಾಗ ಅಕ್ಕ ರಸ್ತೆಬದಿಯ ಚರಂಡಿಯತ್ತ ಕೈ ಮಾಡಿ, "ಅಲ್ಲಿ ಕಿತ್ತಳೆ ಬಣ್ಣ, ಅಲ್ವಾ?" ಎಂದಿದ್ದಳು. ಅವಳಿಗೆ ಬೇರೆ ಬಣ್ಣ ಕಂಡು ಎಷ್ಟೋ ಕಾಲವಾಗಿತ್ತು. ಮರುದಿನವೇ ತಂಗಿ ಹೋಗಿ ಆ ಕಾಡುಲಿಲ್ಲಿಯ ಎರಡು ಬುಡ ಅಗೆದು ತಂದು ಬೇಲಿಯ ಬಳಿ ನೆಟ್ಟಳು. ಯಾರೂ ನೀರು ಹಾಕದೆ ಬೆಳೆದ ಗಿಡ. ತೋಟದ ಹದವಾದ ಮಣ್ಣು ಸಿಕ್ಕರೆ ಬಿಟ್ಟೀತೆ? ನೆಲದಡಿಯಲ್ಲೇ ಬೇರು ಚಾಚಿ ಮೂರನೇ ವರ್ಷಕ್ಕೆ ಮರುಗವನ್ನು ನುಂಗಿತು. ಅಕ್ಕ ಮಲಗಿದ್ದ ಒಂದು ಮಧ್ಯಾಹ್ನ ತಂಗಿ ಅದನ್ನು ತುಸು ಹಿಂದಕ್ಕೆ ಸರಿಸೋಣವೆಂದು ಸಲಿಕೆಯಿಂದ ಕೊಚ್ಚಿ ಮಣ್ಣು ತಿರುವಿ ಹಾಕಿದಳು. ಗಾಜಿನ ಮೇಲಿನ ಕೂದಲೆಳೆಯಷ್ಟು ಗೀರನ್ನೂ ಬಿಡದವಳಿಗೆ ಮಣ್ಣಿನಲ್ಲುಳಿದ ಬೇರಿನ ತುಂಡುಗಳು ಕಾಣಲಿಲ್ಲ. ಒಂದೊಂದು ತುಂಡೂ ಗಿಡವಾಗಿ ಪುದೀನದವರೆಗೂ ಹಬ್ಬಿತು. ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಎಲ್ಲ ಕಿತ್ತುಹಾಕು ಅಂದಾಳು. ಕಿತ್ತರೆ ಅವಳಿಗೆ ಉಳಿದ ಒಂದೇ ಬಣ್ಣವೂ ಹೋಗುತ್ತದೆ.

ಈಗ ತಂಗಿ ಓಡಿ ಬಂದು ಅಕ್ಕನ ಮೊಣಕೈ ಹಿಡಿದಳು. ಅಕ್ಕ ಕೊಡವಿಕೊಂಡಳು.

"ಪುದೀನ ಎಲ್ಲೇ?"

"ಇಲ್ಲೇ ಎಲ್ಲೋ... ಚಿಗುರತ್ತೆ ಬಿಡು."

"ಮರುಗಾನೂ ಚಿಗುರತ್ತೆ ಅಂದಿದ್ದೆ. ಕಣ್ಣು ಹೋಗಿದೆ ಕಣೇ ನಂಗೆ, ಮೂಗಲ್ಲ."

ತಂಗಿ ತಲೆ ತಗ್ಗಿಸಿ ಎಲ್ಲ ಹೇಳಿದಳು. ಸಲಿಕೆಯ ವಿಷಯವನ್ನೂ ಬಿಡಲಿಲ್ಲ. "ಅದೊಂದಾದ್ರೂ ನಿಂಗೆ ಕಾಣ್ಲಿ ಅಂತ ಇಟ್ಕೊಂಡೆ. ದಿನಾ ಬೆಳಿಗ್ಗೆ 'ಚೆನ್ನಾಗಿ ಅರಳಿದೆ' ಅಂತೀಯಲ್ಲ."

ಅಕ್ಕ ಕೈಯಲ್ಲಿದ್ದ ಎಲೆಯನ್ನು ಉಗುರಿನಿಂದ ಸೀಳುತ್ತಿದ್ದಳು.

"ಅದೂ ಕಾಣದೆ ಎರಡು ವರ್ಷ ಆಯ್ತು."

"ಮತ್ತೆ..."

"ನೀನು ಅಷ್ಟು ಆಸೆಯಿಂದ ಕೇಳ್ತಿದ್ದೆ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ." ಸೀಳಿದ ಎಲೆಯನ್ನು ಕೆಳಗೆ ಹಾಕಿ, "ಹೂವೇ ಇಲ್ಲದ ದಿನಾನೂ ಅಂದಿರ್ತೀನಿ. ನೀನೂ ಹೂಂ ಅಂದಿರ್ತೀಯ," ಎಂದಳು.

ಅಂಥ ದಿನಗಳಿದ್ದವು.

"ಬಕೆಟ್ ತಗೊಂಬಾ. ಸಲಿಕೆ ಬೇಡ ಮಾರಾಯ್ತಿ, ಇನ್ನೊಂದು ಸಲ ಕೊಚ್ಚಿದ್ರೆ ಮನೆಯೊಳಗೂ ಬರತ್ತೆ. ಹಾರೆ ತಾ."

ತಂಗಿ ಹಾರೆಯಿಂದ ಮಣ್ಣು ಸಡಿಲಿಸಿ ಬುಡಗಳನ್ನು ಇಡಿಯಾಗಿ ಎಬ್ಬಿದಳು. ಬಿಸಿಲು ಏರಿತು. ಒಂಬತ್ತನೇ ಹೆಜ್ಜೆಯ ಜಾಗ ಬರಿದಾದ ಮೇಲೆ ಮಂಡಿಯೂರಿ, ಕನ್ನಡಕ ಸರಿಮಾಡಿಕೊಂಡು, ಹೆಂಟೆ ಹೆಂಟೆಯನ್ನೂ ಒಡೆದು ನೋಡಿದಳು.

"ಆಯ್ತು. ಇಲ್ಲಿ ಒಂದೂ ಉಳಿದಿಲ್ಲ."

ಅಕ್ಕ ಎದುರಿಗೆ ಕುಳಿತು ಅದೇ ಮಣ್ಣಿನೊಳಗೆ ಎರಡೂ ಕೈ ಇಳಿಸಿದಳು. ಬೆರಳುಗಳು ನಿಧಾನವಾಗಿ ಸರಿದಾಡಿ ನಿಂತವು. ಕಡಲೆಕಾಯಿಯಷ್ಟು ಗಾತ್ರದ, ಮಣ್ಣಿನದೇ ಬಣ್ಣದ ಒಂದು ಬೇರುಗಡ್ಡೆ ಹೊರಗೆ ಬಂತು. ಬಕೆಟ್ಟಿಗೆ ಬಿದ್ದು ಟಣ್ಣೆಂದಿತು. ಮತ್ತೊಂದು. ಮತ್ತೂ ಒಂದು.

ತಂಗಿ ಒಂದಷ್ಟು ಹೊತ್ತು ಆ ಕೈಗಳನ್ನೇ ನೋಡಿದಳು. ಆಮೇಲೆ ಕನ್ನಡಕ ತೆಗೆದು ಬೆಂಚಿನ ಮೇಲಿಟ್ಟು, ಕಣ್ಣು ಮುಚ್ಚಿಕೊಂಡು, ಅಕ್ಕನ ಕೈಯ ಪಕ್ಕದಲ್ಲೇ ಮಣ್ಣಿಗೆ ಕೈ ಹಾಕಿದಳು.