ಭಾವಮೈದುನನ ಕೆಸರು

ಹೊಸದಾಗಿ ಬಂದ ನಮ್ಮ ಮ್ಯಾನೇಜರಿಗೆ ಹೊಳೆಯುವ ವಸ್ತುವೆಂದರೆ ಪ್ರಾಣ. ಹತ್ತು ದಿನದಲ್ಲಿ ತಪಾಸಣೆಯವರು ಬರುತ್ತಾರೆಂದು ತಿಳಿದದ್ದೇ ತಡ, ಡೇರಿಯ ನೆಲ, ಗೋಡೆ, ಪೈಪು ಎಲ್ಲವನ್ನೂ ಉಜ್ಜಿಸಿದರು. ಅಷ್ಟಕ್ಕೇ ಸುಮ್ಮನಾಗಿದ್ದರೆ ಅವರ ಗಂಟೇನು ಹೋಗುತ್ತಿತ್ತು? ನಾನು ರಜೆ ಹಾಕಿದ ಒಂದೇ ದಿನ ನೋಡಿ, ನಾನು ನೋಡಿಕೊಳ್ಳುವ ಕೊಳಚೆನೀರಿನ ಟ್ಯಾಂಕು ಕಂದಾಗಿದೆ ಎಂದು ಅದಕ್ಕೂ ಎರಡು ಡ್ರಮ್ ಬ್ಲೀಚಿಂಗ್ ಪೌಡರ್ ಸುರಿಸಿಬಿಟ್ಟರು.

ಆ ಕಂದು ಕೆಸರಲ್ಲವೇ ಕೆಲಸ ಮಾಡುವುದು! ಕ್ಯಾನು ತೊಳೆದ ನೀರು, ಚೆಲ್ಲಿದ ಹಾಲು, ಮೊಸರಿನ ಜಿಡ್ಡು, ಎಲ್ಲವನ್ನೂ ತಿಂದು ನೀರು ತಿಳಿಯಾಗಿಸುವ ಕೋಟ್ಯಂತರ ಜೀವಾಣುಗಳು ಅದರಲ್ಲಿರುತ್ತವೆ. ಗಾಳಿ ಊದಿ, ಹದ ನೋಡಿ ಒಂಬತ್ತು ವರ್ಷ ಸಾಕಿದ್ದೆ. ಮರುದಿನ ಬಂದರೆ ಬಿಳಿ ನೊರೆ, ಕೊಳೆತ ನಾತ. ನಿಜ ಹೇಳುತ್ತೇನೆ, ಅಳು ಬಂತು. ತಪಾಸಣೆಯಲ್ಲಿ ನೀರು ಫೇಲಾದರೆ ಡೇರಿಗೆ ಬೀಗ, ನನಗೆ ಮನೆಯ ದಾರಿ.

ಹೊಸದಾಗಿ ಬೆಳೆಸಲು ತಿಂಗಳು ಬೇಕು. ಬೇರೆ ಡೇರಿಯ ಜೀವಂತ ಕೆಸರು ತಂದು, ಹಾಲಿಗೆ ಹೆಪ್ಪು ಹಾಕಿದಂತೆ ಹಾಕಿದರೆ ವಾರ ಸಾಕು. ಹತ್ತಿರವಿದ್ದದ್ದು ಒಂದೇ ಡೇರಿ. ಅಲ್ಲಿ ಟ್ಯಾಂಕು ನೋಡಿಕೊಳ್ಳುವವನು ನನ್ನ ಹೆಂಡತಿಯ ತಮ್ಮ. ಎರಡು ವರ್ಷದ ಹಿಂದೆ ಮಾವನ ಮನೆಯ ಊಟದಲ್ಲಿ, ಎಲ್ಲರೆದುರು, ಅವನ ಟ್ಯಾಂಕಿನ ಪಕ್ಕ ನಿಂತರೆ ಮೂಗು ರಾಜೀನಾಮೆ ಕೊಡುತ್ತದೆ ಎಂದಿದ್ದೆ. ಅವತ್ತಿನಿಂದ ಮಾತಿಲ್ಲ, ಕತೆಯಿಲ್ಲ.

ನೀನೇ ಫೋನ್ ಮಾಡು ಎಂದು ಹೆಂಡತಿಗೆ ಗೋಗರೆದೆ. ಬಾಯಿ ಹರಿಬಿಟ್ಟವರೇ ಮಾಡಲಿ ಎಂದು ಫೋನು ನನ್ನ ಮುಂದಿಟ್ಟು, ಎದುರಿಗೇ ಕುರ್ಚಿ ಎಳೆದುಕೊಂಡು ಕೂತಳು.

“ಎರಡು ಟ್ಯಾಂಕರ್ ಕೆಸರು ಬೇಕಿತ್ತು ಕಣೋ,” ಎಂದೆ.

“ವಾಸನೆ ಬರುತ್ತಲ್ಲ, ಭಾವ?” ಎಂದ ಆ ಕಡೆಯಿಂದ.

“ಬರಲ್ಲ. ಅವತ್ತೂ ಬರ್ತಿರಲಿಲ್ಲ. ನಿನ್ನ ಟ್ಯಾಂಕು ನನ್ನದಕ್ಕಿಂತ ಚೆನ್ನಾಗಿತ್ತು. ಹೊಟ್ಟೆಕಿಚ್ಚಿಗೆ ಅಂದುಬಿಟ್ಟೆ.”

ಹೆಂಡತಿ ಎದ್ದು ಒಳಗೆ ಹೋದಳು.

ಸಂಜೆ ಟ್ಯಾಂಕರಿನ ಮುಂದಿನ ಸೀಟಿನಲ್ಲಿ ಅವನೇ ಕೂತು ಬಂದ. ವಾರವಿಡೀ ದಿನಾ ಬಂದು ಕೆಸರು ಮೂಸಿ, ಗಾಳಿ ಜಾಸ್ತಿ ಮಾಡಿ, ಕಡಿಮೆ ಮಾಡಿ ಎಂದು ನನ್ನ ತಲೆ ತಿಂದ. ಹಲ್ಲು ಕಚ್ಚಿಕೊಂಡು ಹೇಳಿದಂತೆ ಮಾಡಿದೆ.

ತಪಾಸಣೆಯವರು ಅಲ್ಲೇ ನೀರು ಪರೀಕ್ಷಿಸಿ ಪಾಸು ಎಂದು ಬರೆದರು. ಕೆಸರನ್ನೂ ಮೂಸಿ, ಒಳ್ಳೆ ಮಣ್ಣಿನ ವಾಸನೆ ಇದೆ, ಸಾಕಿದವರು ಯಾರು ಎಂದು ಕೇಳಿದರು.

“ಇವನು, ನನ್ನ ಭಾವಮೈದುನ,” ಎಂದೆ. ಪಕ್ಕದಲ್ಲೇ ಇದ್ದವನನ್ನು ಮುಂದಕ್ಕೆ ಎಳೆದೆ. ಅವನು ನೆಲ ನೋಡುತ್ತ ನನ್ನ ಹೆಗಲ ಮೇಲೆ ಕೈಯಿಟ್ಟ.

ತಪಾಸಣೆಯವರ ಜೀಪು ಗೇಟು ದಾಟಿದ್ದೇ ಮ್ಯಾನೇಜರು ಟ್ಯಾಂಕಿನೊಳಗೆ ಇಣುಕಿದರು. ಮತ್ತೆ ಕಂದಾಗಿದೆಯಲ್ಲ, ಒಂದು ಸಲ ತೊಳೆಸೋಣವೇ ಎಂದರು. ಭಾವಮೈದುನ ಅವರ ಬಲಗೈ ಹಿಡಿದ, ನಾನು ಎಡಗೈ. ಇಬ್ಬರೂ ಸೇರಿ ಅವರನ್ನು ನಯವಾಗಿ ಆಫೀಸಿಗೆ ಬಿಟ್ಟುಬಂದೆವು.